ಮೋಟು ಯಾರ ಕೈಲಿ

ಯುದ್ಧದ ಸಿನಿಮಾಗಳಿಗೆ ನನ್ನನ್ನು ಕರೆದುಕೊಂಡು ಹೋಗಬಾರದು ಎಂದು ನನ್ನ ಹೆಂಡತಿ ತೀರ್ಮಾನಿಸಿಬಿಟ್ಟಿದ್ದಾಳೆ. ಕಳೆದ ಸಲ ಹೋದಾಗ ಪರದೆಯ ಮೇಲೆ ನಲವತ್ತು ಜನ ಜರ್ಮನ್ ಸಿಪಾಯಿಗಳು ಸೇತುವೆ ದಾಟುತ್ತಿದ್ದರು. ನಲವತ್ತು ಜನರ ಕೈಯಲ್ಲೂ ಸಬ್‌ಮಷಿನ್ ಗನ್ನು. ಅದನ್ನು ಸೊಂಟದ ಹತ್ತಿರ ಹಿಡಿದು, ತೋಟಕ್ಕೆ ನೀರು ಹಾಯಿಸುವವರ ಹಾಗೆ ಗುಂಡು ಚೆಲ್ಲುತ್ತಾ ನಡೆದಿದ್ದರು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮುಂದಿನ ಸಾಲಿನಲ್ಲಿದ್ದ ನಮ್ಮೂರ ದರ್ಜಿ ತಿರುಗಿ ನೋಡಿದ, ಹೆಂಡತಿ ತೊಡೆ ಚಿವುಟಿದಳು.

ನಗದೆ ಇನ್ನೇನು ಮಾಡಲಿ? ನಮ್ಮ ತುಕಡಿಯ ಹತ್ತು ಜನಕ್ಕೆ ಅದು ಇದ್ದದ್ದು ಒಂದೇ ಒಂದು. ಅದರ ಹಿಡಿಯನ್ನು ಮಡಚಿಟ್ಟರೆ ಮೊಳಕ್ಕಿಂತ ಸ್ವಲ್ಪ ಉದ್ದ ಅಷ್ಟೆ, ಹಾಗಾಗಿ ನಾವು ಅದನ್ನು ಮೋಟು ಎಂದೇ ಕರೆಯುತ್ತಿದ್ದೆವು. ತುಕಡಿಯ ಜೀವ ಇದ್ದದ್ದು ದೊಡ್ಡ ಮಷಿನ್‌ಗನ್ನಿನಲ್ಲಿ. ದೂರದ ಕೆಲಸವೆಲ್ಲ ಅದರದೇ. ನಾವು ಉಳಿದವರು ಬಂದೂಕು ಹೊತ್ತಿದ್ದೆವು ನಿಜ, ಆದರೆ ಸರಿಯಾಗಿ ಹೇಳುವುದಾದರೆ ನಾವೆಲ್ಲ ಆ ಮಷಿನ್‌ಗನ್ನಿನ ಆಳುಗಳು. ಅದರ ಗುಂಡಿನ ಪಟ್ಟಿ ಹೊರುವುದು, ಅದಕ್ಕೆ ಕಾವಲು ಕೂರುವುದು, ಅದು ಬಿಸಿಯಾದಾಗ ಅದರ ಯಜಮಾನನ ಬೈಗುಳ ತಿನ್ನುವುದು. ಆ ಯಜಮಾನ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಭಾವ ಮಾಟೆಸ್, ನನ್ನ ಅಕ್ಕ ಪ್ಲೋನಿಯ ಗಂಡ. ಇಬ್ಬರೂ ಜರ್ಮನಿಯ ಐಫೆಲ್ ಬೆಟ್ಟದ ಡಾಲ್‌ಬೆನ್ ಊರಿನವರು. ಅವನು ಕಲ್ಲುಕುಟಿಗ, ನಾನು ಲಾಂಬೆರ್ಟ್, ಬೇಕರಿಯವನು. ಸೈನ್ಯ ಒಂದೇ ಜಿಲ್ಲೆಯವರನ್ನು ಒಂದೇ ಕಡೆ ಹಾಕುತ್ತಿತ್ತು. ಹಾಗಾಗಿ ಭಾನುವಾರದ ಊಟಕ್ಕೆ ಮಾತ್ರ ಸಹಿಸಬೇಕಾಗಿದ್ದ ಭಾವನನ್ನು ನಾನು ಮೂರು ವರ್ಷ ಪೂರ್ತಿ ಸಹಿಸಿದೆ.

ಮೋಟು ತುಕಡಿಯ ಮುಂದಾಳಿನದು. ನಮ್ಮ ಮುಂದಾಳು ಕ್ವಿರಿನ್ ಡೋಲ್, ಮೀಸೆಯ ಮನುಷ್ಯ, ಊರಿನಲ್ಲಿ ಹಂದಿ ವ್ಯಾಪಾರ. ಮುಂದಾಳಿಗೇ ಯಾಕೆ ಅದನ್ನು ಕೊಡುತ್ತಾರೆ ಎಂದು ಹೊಸಬರು ಕೇಳಿದರೆ ಅವನು ಹೇಳುತ್ತಿದ್ದ: "ಬಂದೂಕಿನವನು ಒಂದು ಕಣ್ಣು ಮುಚ್ಚಿ ಗುರಿ ಇಡ್ಬೇಕಪ್ಪ. ನಿಮ್ಮನ್ನ ಕಟ್ಕೊಂಡವನು ಒಂದು ಕಣ್ಣು ಮುಚ್ಚಿದ್ರೆ ಉಳಿಯೋದುಂಟಾ? ಇದರಲ್ಲಿ ಎರಡೂ ಕಣ್ಣು ಬಿಟ್ಕೊಂಡೇ ಹೊಡೀಬಹುದು." ನೂರು ಹೆಜ್ಜೆಯಾಚೆ ಇರುವವನಿಗೆ ಮೋಟಿನಿಂದ ಗುಂಡು ಹೊಡೆಯುವುದಕ್ಕಿಂತ ಕೂಗಿ ಬೈಯುವುದೇ ಮೇಲು. ಆದರೆ ಮಷಿನ್‌ಗನ್ನು ಬಾಯಿ ಮುಚ್ಚಲೇಬೇಕಾದ ಜಾಗ ಒಂದಿರುತ್ತದಲ್ಲ, ನಮ್ಮವರು ಶತ್ರುವಿನ ಬಾಗಿಲಿಗೇ ಬಂದುಬಿಟ್ಟಾಗ, ಅಲ್ಲಿಂದ ಮುಂದೆ ಅದರ ರಾಜ್ಯ. ಬಾಗಿಲು, ಮೆಟ್ಟಿಲು, ಓಣಿ, ನೆಲಮಾಳಿಗೆ. ಉದ್ದ ಬಂದೂಕು ತಿರುಗಿಸಲು ಜಾಗವಿಲ್ಲದ ಕಡೆಯೆಲ್ಲ ಮೋಟು.

ಅದರ ಜೊತೆಗೆ ಒಂದು ರೂಢಿಯೂ ಇತ್ತು. ಮೋಟು ಯಾರ ಕೈಲಿದೆಯೋ ಅವನೇ ಮುಂದೆ. ಒಮ್ಮೆ ಹೊಸ್ತಿಲು ದಾಟಿದ ಮೇಲೆ ಅವನ ಮಾತೇ ಮಾತು. ಹಿಂದಿನಿಂದ ಯಾರೂ, ಲೆಫ್ಟಿನೆಂಟನೂ ಸಹ, ಹಾಗೆ ಮಾಡು ಹೀಗೆ ಮಾಡು ಎನ್ನುವಂತಿಲ್ಲ. ಇದನ್ನು ಯಾರೂ ನಮಗೆ ತರಬೇತಿಯಲ್ಲಿ ಕಲಿಸಿರಲಿಲ್ಲ. ಹಿಂದಿನಿಂದ ಕೂಗಿದ್ದು ಕೇಳಿ ತಿರುಗಿ ನೋಡಿ ಸತ್ತವರು ಸಾಕಷ್ಟಿದ್ದರು, ಅವರು ಕಲಿಸಿದ್ದು.

ನಲವತ್ತನಾಲ್ಕರ ನವೆಂಬರಿನಲ್ಲಿ ನಾವು ಎಲ್ಸ್‌ರಾತ್ ಎಂಬ ಊರಿನಲ್ಲಿದ್ದೆವು. ನಮ್ಮದೇ ನಾಡು, ನಮ್ಮದೇ ಮಾತಿನ ಜನ. ಯುದ್ಧ ನಮ್ಮ ಮೇಲೆ ಬಂತು ಎಂದು ಈಗ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದನ್ನು ಊರೂರಿಗೆ ಹೊತ್ತುಕೊಂಡು ಹೋದವರು ನಾವು, ಅದು ದಾರಿ ಹುಡುಕಿಕೊಂಡು ಮನೆಗೆ ಬಂತು ಅಷ್ಟೆ. ಊರ ನಡುವಿನ ಬೀದಿಯ ಆ ಬದಿಗೆ ಒಂದು ಬಿಯರ್ ಕಾರ್ಖಾನೆ. ಮೊದಲು ಅದು ನಮ್ಮ ಕೈಲಿತ್ತು. ಒಂದು ಮಧ್ಯಾಹ್ನ ಅಮೆರಿಕದವರು ಹಿಂದಿನ ಅಂಗಳದಿಂದ ನುಗ್ಗಿದರು. ಕ್ವಿರಿನ್‌ನ ತೊಡೆಗೆ ಗುಂಡು ಬಿತ್ತು. ಅವನನ್ನು ಎಳೆದುಕೊಂಡು ನಾವು ಬೀದಿ ದಾಟಿ ಈಚೆ ಬಂದೆವು. ಆದರೆ ಮಾಟೆಸ್ ನೆಲಮಾಳಿಗೆಯ ಕಿಂಡಿಯಲ್ಲಿ ಮಷಿನ್‌ಗನ್ನು ಇಟ್ಟುಕೊಂಡು ಕೂತಿದ್ದವನು, ನಾವು ದಾಟುವವರೆಗೂ ಹಾರಿಸುತ್ತಲೇ ಇದ್ದು, ಅಲ್ಲೇ ಉಳಿದುಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಗನ್ನು ನಿಂತಿತು. ಆಮೇಲೆ ಆ ಕಿಂಡಿಯಿಂದ ಸದ್ದೇ ಇಲ್ಲ.

ಮರುದಿನ ಬೆಳಿಗ್ಗೆ ಲೆಫ್ಟಿನೆಂಟ್ ಹಾಗೆಡೋರ್ನ್ ಬಂದ. ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವನು, ಒಳ್ಳೆಯ ಮನುಷ್ಯ, ನಿದ್ದೆಯಿಲ್ಲದೆ ಕಣ್ಣು ಊದಿತ್ತು. ಕಾರ್ಖಾನೆಯನ್ನು ವಾಪಸ್ ತೆಗೆದುಕೊಳ್ಳಬೇಕು, ಇವತ್ತೇ, ಈಗಲೇ ಎಂದ.

"ನೆಲಮಾಳಿಗೆಯಲ್ಲಿ ನಮ್ಮವನಿದ್ದಾನೆ ಸಾಹೇಬ್ರೆ," ಎಂದೆ.

"ಇದ್ದ," ಎಂದ ಅವನು. "ಸತ್ತಿರ್ತಾನೆ, ಇಲ್ಲಾ ಹಿಡ್ಕೊಂಡು ಹೋಗಿರ್ತಾರೆ. ನೆಲಮಾಳಿಗೆ ಅವರದು ಅಂತಲೇ ತಿಳ್ಕೊಂಡು ನಡೀರಿ. ಮೊದಲು ಕೈಬಾಂಬು, ಆಮೇಲೆ ಮೋಟು, ಆಮೇಲೆ ಕಣ್ಣು. ಯಾವತ್ತಿನ ಹಾಗೆ."

ಯಾವತ್ತಿನ ಪದ್ಧತಿ ಅದೇ. ಕೋಣೆಗೆ ಕೈಬಾಂಬು ಎಸೆ, ಸಿಡಿದ ತಕ್ಷಣ ಮೋಟಿನಿಂದ ಗೋಡೆಯಿಂದ ಗೋಡೆಗೆ ಒಂದು ಸುತ್ತು ಹಾರಿಸು, ಆಮೇಲೆ ಒಳಗೆ ಯಾರಿದ್ದರು ಎಂದು ನೋಡು. ಮೊದಲು ನೋಡಲು ಹೋದವರು ಆಮೇಲೆ ಏನನ್ನೂ ನೋಡುತ್ತಿರಲಿಲ್ಲ. ಆ ಪದ್ಧತಿ ಸರಿ ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಅಕ್ಕನ ಗಂಡ ಒಳಗಿರಬಹುದು ಎನ್ನುವಾಗ ಅದನ್ನು ಪಾಲಿಸುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಸ್ಟ್ರೆಚರಿನ ಮೇಲೆ ಮಲಗಿದ್ದ ಕ್ವಿರಿನ್ ಮೋಟನ್ನು ನನ್ನ ಕೈಗೆ ಕೊಟ್ಟ. ಅವನ ನಂತರದ ಸರದಿ ನನ್ನದೇ.

"ಮ್ಯಾಗಜಿನ್ ಪೂರ್ತಿ ತುಂಬ್ಬೇಡ, ನಾಲ್ಕು ಗುಂಡು ಕಮ್ಮಿ ಇರ್ಲಿ, ಇಲ್ದಿದ್ರೆ ಸ್ಪ್ರಿಂಗು ಮುನಿಸ್ಕೊಳ್ಳುತ್ತೆ," ಎಂದ. "ಆಮೇಲೆ ಆ ಎಡಗೈ. ಅದನ್ನ ಮ್ಯಾಗಜಿನ್ ಮೇಲೆ ಇಡ್ಬೇಡ ಲಾಂಬೆರ್ಟ್. ಅದು ಹಿಡ್ಕೊಳ್ಳೋಕೆ ಅಂತ ಮಾಡಿದ್ದಲ್ಲ."

"ಗೊತ್ತಯ್ಯಾ."

"ಎಲ್ಲರಿಗೂ ಗೊತ್ತು. ಎಲ್ಲರೂ ಅಲ್ಲೇ ಹಿಡೀತಾರೆ."

ಭಯವಿತ್ತೇ ಎಂದರೆ, ಇರಲಿಲ್ಲ. ಇದು ಜಂಬದ ಮಾತಲ್ಲ. ಆ ಕೆಲಸ ನನಗೆ ಬರುತ್ತಿತ್ತು. ಒಲೆಯ ಮುಂದೆ ಇಪ್ಪತ್ತು ರೊಟ್ಟಿ ಒಟ್ಟಿಗೆ ನೋಡಿಕೊಳ್ಳುವವನಿಗೆ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಕೈಗೇ ತಿಳಿದಿರುತ್ತದೆ. ಕೈಬಾಂಬು ಎಸೆಯಲು ನನ್ನ ಹಿಂದೆ ವೆಲ್ಲೆಮ್ ಇದ್ದ. ಕಲೋನ್ ಪಟ್ಟಣದ ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದವನು, ಬಾಯಿ ಸುಮ್ಮನಿರುವ ಆಸಾಮಿಯೇ ಅಲ್ಲ. ಬಾಂಬಿನಲ್ಲಿ ಅವನ ಮನೆ ನೆಲಸಮವಾಗಿ, ತಾಯಿ ಆ ಅವಶೇಷದಡಿಯ ನೆಲಮಾಳಿಗೆಯಲ್ಲೇ ಸಂಸಾರ ಹೂಡಿದ್ದಳು.

"ನಿನ್ನ ಭಾವ ಸಿಕ್ಕಿದ್ರೆ ನನ್ನ ಸಿಗರೇಟು ವಾಪಸ್ ಕೇಳು," ಎಂದ ವೆಲ್ಲೆಮ್. "ಸತ್ತಿದ್ರೂ ಜೇಬು ನೋಡು."

"ಬಾಯಿ ಮುಚ್ಕೊಂಡು ಬಾರೋ."

ಪಕ್ಕದ ತುಕಡಿಯ ಮಷಿನ್‌ಗನ್ನು ಔಷಧದಂಗಡಿಯ ಮಹಡಿಯಿಂದ ಕಾರ್ಖಾನೆಯ ಕಿಟಕಿಗಳಿಗೆ ಬಾರಿಸಲು ಶುರುಮಾಡಿತು. ಬೀದಿಗೆ ಹೊಗೆ ಬಿಟ್ಟರು. ನಾವು ಓಡಿದೆವು. ಪೀಪಾಯಿ ಗಾಡಿಗಳು ಒಳಹೋಗುವ ದೊಡ್ಡ ಬಾಗಿಲಿನ ಒಂದು ರೆಕ್ಕೆ ಮುರಿದಿತ್ತು. ವೆಲ್ಲೆಮ್ ಅದರೊಳಗೆ ಕೈಬಾಂಬು ಎಸೆದ. ಸಿಡಿಯಿತು. ನಾನು ಒಳಗೆ ಕಾಲಿಟ್ಟು ಎಡದಿಂದ ಬಲಕ್ಕೆ ಹಾರಿಸಿದೆ. ಯಾರೂ ಇರಲಿಲ್ಲ. ಎರಡನೆಯ ಕೋಣೆಯೂ ಖಾಲಿ. ಮೂರನೆಯದು ಬಾರ್ಲಿ ಮೊಳಕೆ ಬರಿಸುವ ಅಂಕಣ. ಉದ್ದಕ್ಕೂ ಮೊಣಕಾಲೆತ್ತರ ಬಾರ್ಲಿ ಹರಡಿದೆ, ಬದಿಗೆ ಮೂಟೆಗಳ ರಾಶಿ. ಮೂಟೆಗಳ ಆಚೆಯಿಂದ ಒಬ್ಬ ಎದ್ದ. ನಾನು ಮೋಟಿನ ಟ್ರಿಗರ್ ಎಳೆದೆ. ಎರಡು ಗುಂಡು ಹಾರಿ ಮೋಟು ನಿಂತುಹೋಯಿತು.

ಕೆಳಗೆ ನೋಡಿದರೆ ನನ್ನ ಎಡಗೈ ಮ್ಯಾಗಜಿನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಹಾಗೆ ಹಿಡಿದರೆ ಅದು ತುಸು ವಾಲಿ ಗುಂಡು ಅಡ್ಡ ಸಿಕ್ಕಿಕೊಳ್ಳುತ್ತದೆ. ಮಕ್ಕಳಿಗೂ ಗೊತ್ತಿದ್ದ ವಿಷಯ. ಮೂಟೆಯಾಚೆಯವನ ಬಂದೂಕು ನನ್ನ ಎದೆಗೆ ತಿರುಗಿತು. ಅಷ್ಟರಲ್ಲಿ ನನ್ನ ಕಿವಿಯ ಪಕ್ಕದಿಂದಲೇ ವೆಲ್ಲೆಮ್‌ನ ಬಂದೂಕು ಸಿಡಿಯಿತು. ಆ ಮನುಷ್ಯ ಬಾರ್ಲಿಯ ಮೇಲೆ ಮುಖವಡಿಯಾಗಿ ಬಿದ್ದ. ನನ್ನಷ್ಟೇ ವಯಸ್ಸಿನವನು, ಗಡ್ಡ ಬೋಳಿಸಿಕೊಂಡು ಬಂದಿದ್ದ. ಆಗ ನನಗೆ ಏನೂ ಅನ್ನಿಸಲಿಲ್ಲ. ಬಾರ್ಲಿ ಹಿಟ್ಟಿನ ಚೀಲ ಬಿಚ್ಚುವಾಗ ಈಗ ಅನ್ನಿಸುತ್ತದೆ.

"ಅದೇನು ಲಟ್ಟಣಿಗೆ ಅಂದ್ಕೊಂಡ್ಯಾ ಬೇಕರಿ ಸಾಹುಕಾರ?" ಎಂದ ವೆಲ್ಲೆಮ್. ಹೇಳುತ್ತಲೇ ಬಂದೂಕಿಗೆ ಮುಂದಿನ ಗುಂಡು ಏರಿಸಿಕೊಂಡ.

ನಾನು ಸಿಕ್ಕಿಕೊಂಡ ಗುಂಡನ್ನು ಕಿತ್ತು ಬಿಸಾಡಿ ಮುಂದೆ ನಡೆದೆ. ಅಲ್ಲಿಂದ ಎಲ್ಲ ಸಲೀಸು. ಅಮೆರಿಕದವರು ಕೆಲವೇ ಜನ ಇದ್ದರು. ಮಹಡಿಯವರು ಹಿಂದಿನ ಏಣಿಯಿಂದಿಳಿದು ಅಂಗಳ ದಾಟಿ ಗೋಡೆಯಾಚೆ ಹೋದರು. ನಮ್ಮವರು ಕಿಟಕಿಗಳನ್ನು ಹಿಡಿದುಕೊಂಡರು. ಉಳಿದದ್ದು ನೆಲಮಾಳಿಗೆ.

ಅದರ ಬಾಗಿಲು ಬಾರ್ಲಿ ಅಂಕಣದ ಮೂಲೆಯಲ್ಲಿ, ಕೆಳಗೆ ಇಳಿಯುವ ಕಲ್ಲು ಮೆಟ್ಟಿಲ ತಲೆಗೆ. ನಾನು ಒಂದು ಬದಿಗೆ ನಿಂತೆ, ವೆಲ್ಲೆಮ್ ಇನ್ನೊಂದು ಬದಿಗೆ. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ಕಬ್ಬಿಣ ಕಲ್ಲಿಗೆ ತಾಗಿದ ಸದ್ದು. ವೆಲ್ಲೆಮ್ ಕೈಬಾಂಬಿನ ತಳದ ಮುಚ್ಚಳ ತಿರುಗಿಸಿ ತೆಗೆದ. ಇನ್ನು ದಾರ ಎಳೆದು ಎಸೆಯುವುದೊಂದೇ ಬಾಕಿ.

"ಬೇಡ," ಎಂದೆ.

"ಯಾಕೆ?"

"ಮಾಟೆಸ್ ಇರ್ಬಹುದು."

"ಕೆಮ್ಮಿದ್ದು ನಿನ್ನ ಭಾವ ಅಂತ ಯಾರು ಹೇಳಿದ್ರು? ಅಮೆರಿಕದವರಿಗೆ ನೆಗಡಿ ಆಗಲ್ವಾ?" ಅವನು ಪಿಸುಗುಟ್ಟಿದ. "ನೀನು ಕೂಗಿದ್ರೆ ಈ ಹಲಗೆ ಬಾಗಿಲು ತೂರ್ಕೊಂಡು ಗುಂಡು ಬರುತ್ತೆ. ನಿನಗೂ ಬರುತ್ತೆ, ನನಗೂ ಬರುತ್ತೆ. ನನ್ನ ಅಕ್ಕನ ಗಂಡ ಏನೂ ಇಲ್ಲ ಒಳಗೆ."

ಅವನು ಹೇಳಿದ್ದು ಸರಿ. ಆದರೂ ಮೋಟು ನನ್ನ ಕೈಲಿತ್ತು. ಅವನು ದಾರ ಎಳೆಯಲಿಲ್ಲ. ನಾನು ಗೋಡೆಗೆ ಒತ್ತಿಕೊಂಡು ನಮ್ಮೂರ ಮಾತಿನಲ್ಲಿ ಕೂಗಿದೆ.

"ಭಾವಾ, ಇದ್ದೀಯೋ ಹೋದ್ಯೋ? ಪ್ಲೋನಿ ಅಕ್ಕಂಗೆ ಏನಂತ ಹೇಳ್ಲಿ?"

ಆಮೇಲೆ ಒಣಗಿದ ಗಂಟಲಿನ ದನಿ ಮೇಲೆ ಬಂತು.

"ಅವಳ ತಮ್ಮ ಮೈಗಳ್ಳ ಅಂತ ಹೇಳು. ನಿನ್ನೆಯಿಂದ ಕಾಯ್ತಿದೀನಿ."

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಷ್ಟರ ಮಟ್ಟಿಗೆ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಬಾಗಿಲಿಗೆ ಕೈ ಹಾಕಿದೆ.

"ನಿಲ್ಲು," ಎಂದ ಮಾಟೆಸ್ ಒಳಗಿನಿಂದ. "ಲಾಂಬೆರ್ಟ್, ಸರಿಯಾಗಿ ಕೇಳು. ಇಲ್ಲಿ ಇನ್ನಿಬ್ಬರಿದಾರೆ. ಒಬ್ಬ ಹೊಟ್ಟೆಗೆ ಪೆಟ್ಟು ತಿಂದು ಮಲಗಿದಾನೆ. ಇನ್ನೊಬ್ಬ ಅವರ ಮುಂದಾಳು, ಅವನ ಹತ್ರನೂ ಒಂದು ಮೋಟು ಇದೆ, ನನ್ನ ಎದೆಗೆ ಹಿಡ್ಕೊಂಡು ಕೂತಿದಾನೆ. ನನ್ನ ಪಿಸ್ತೂಲು ಅವನ ಗೆಳೆಯನ ತಲೆಗಿದೆ. ರಾತ್ರಿಯೆಲ್ಲ ಹೀಗೇ ಕೂತಿದೀವಿ. ಗನ್ನು ಹಿಡ್ಕೊಂಡು ಒಬ್ಬ ಇಳಿದ್ರೂ ಮೂರೂ ಜನ ಹೋಗ್ತೀವಿ. ಅವರ ಕಡೆಯವರಿಗೂ ಅದಕ್ಕೇ ಇಳಿಯೋಕಾಗ್ಲಿಲ್ಲ."

"ಏನ್ಮಾಡ್ಬೇಕು?"

"ಬರಿಗೈಲಿ ಬಾ."

ಬರಿಗೈಯಲ್ಲಿ ಎಂದರೆ ಮೋಟನ್ನು ಇನ್ನೊಬ್ಬನಿಗೆ ಕೊಡಬೇಕು. ಇನ್ನೊಬ್ಬನಿಗೆ ಕೊಟ್ಟರೆ ಮಾತೂ ಅವನದೇ ಆಗುತ್ತದೆ. ಬಾಂಬು ಎಸೆಯುವುದೋ ಬಿಡುವುದೋ, ನಾನು ಕೆಳಗಿರುವಾಗ ಬಾಗಿಲು ಮುಚ್ಚುವುದೋ, ಎಲ್ಲ ವೆಲ್ಲೆಮ್‌ನ ಮರ್ಜಿ. ಅವನ ಮನೆ ಬೀಳಿಸಿದ ವಿಮಾನಗಳು ಯಾರವು ಎನ್ನುವುದು ಅವನಿಗೆ ಮರೆಯುವ ವಿಷಯವಾಗಿರಲಿಲ್ಲ. ನಾನು ಪಟ್ಟಿಯನ್ನು ಕತ್ತಿನಿಂದ ತೆಗೆದು ಮೋಟನ್ನು ಅವನಿಗೆ ಚಾಚಿದೆ.

ಅವನು ತಕ್ಷಣ ತೆಗೆದುಕೊಳ್ಳಲಿಲ್ಲ.

"ಇದು ನನ್ನ ಕೈಗೆ ಬಂದ್ರೆ ಮುಂದಾಳು ನಾನು. ಗೊತ್ತಲ್ಲ?"

"ಗೊತ್ತು."

"ಆಮೇಲೆ ಕೆಳಗಿಂದ ಅದು ಮಾಡು ಇದು ಮಾಡು ಅಂತ ಕೂಗೋ ಹಾಗಿಲ್ಲ."

"ಕೂಗಲ್ಲ."

ಅವನು ಮೋಟನ್ನು ತೆಗೆದುಕೊಂಡು ಕತ್ತಿಗೆ ಹಾಕಿಕೊಂಡ. ಕೈಬಾಂಬಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಮತ್ತೆ ಹಾಕಿದ. "ನಮ್ಮವ್ವನೂ ಇಂಥದ್ದರಲ್ಲೇ ಇದಾಳೆ," ಎಂದ. "ಹೋಗು. ಸಿಗರೇಟು ಮರೀಬೇಡ."

ನಾನು ಎರಡೂ ಕೈ ಮುಂದೆ ಚಾಚಿಕೊಂಡು ಇಳಿದೆ. ಕಮಾನು ಚಾವಣಿಯ ನೆಲಮಾಳಿಗೆ. ಅಂಗಳದ ಕಡೆ ಪೀಪಾಯಿ ಉರುಳಿಸುವ ಒಂದು ಜಾರುದಾರಿ, ಅದರ ಬಾಯಿಂದ ಬೂದುಬಣ್ಣದ ಬೆಳಕು. ಮಾಟೆಸ್ ಪೀಪಾಯಿಗೆ ಒರಗಿ ಕೂತಿದ್ದ, ಎಡಗಾಲು ಮೊಣಕಾಲಿನ ಕೆಳಗೆ ಕಪ್ಪಾಗಿ ಊದಿತ್ತು. ಎದುರಿಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಅಗಲ ಮುಖದ ಅಮೆರಿಕದವನು. ಅವನ ತೊಡೆಯ ಮೇಲೆ ಗಾಯಾಳುವಿನ ತಲೆ, ಆ ತಲೆಯ ಮೇಲಿಂದ ನನ್ನ ಭಾವನ ಎದೆಗೆ ಗುರಿಯಿಟ್ಟ ಗನ್ನು. ಗಾಯಾಳುವಿನ ಹೊಟ್ಟೆಗೆ ಸುತ್ತಿದ್ದು ನಮ್ಮ ಸೈನ್ಯದ ಬಟ್ಟೆ, ಮಾಟೆಸ್‌ನದು. ಮಾಟೆಸ್‌ನ ಪಕ್ಕದಲ್ಲಿದ್ದ ನೀರಿನ ಬಾಟಲಿ ಅವರದು. ಇಷ್ಟು ಕೊಟ್ಟು ತೆಗೆದುಕೊಂಡ ಮೇಲೂ ಗನ್ನುಗಳನ್ನು ಕೆಳಗಿಡಲು ಇಬ್ಬರಿಗೂ ಆಗಿರಲಿಲ್ಲ. ಯಾರಾದರೂ ಒಬ್ಬ ಮೊದಲು ಇಡಬೇಕಲ್ಲ.

ಅಮೆರಿಕದವನು ನನ್ನ ಕೈ ನೋಡಿದ, ಸೊಂಟ ನೋಡಿದ, ನನ್ನ ಹಿಂದಿನ ಮೆಟ್ಟಿಲು ನೋಡಿದ. ನನಗೆ ಅವನ ಭಾಷೆ ಬಾರದು. ಗಾಯಾಳುವನ್ನು ತೋರಿಸಿದೆ, ಜಾರುದಾರಿಯ ಬಾಯಿ ತೋರಿಸಿದೆ. ಆಮೇಲೆ ಭಾವನನ್ನು ತೋರಿಸಿ ಮೆಟ್ಟಿಲು ತೋರಿಸಿದೆ. ನಿನ್ನವನು ನಿನಗೆ, ನನ್ನವನು ನನಗೆ. ಅವನಿಗೆ ಅರ್ಥವಾಯಿತು. ಆದರೆ ಕದಲಲಿಲ್ಲ.

ಯಾಕೆಂದು ನನಗೂ ಅರ್ಥವಾಯಿತು. ಗಾಯಾಳುವನ್ನು ಎತ್ತಲು ಎರಡು ಕೈ ಬೇಕು. ಆ ಗನ್ನಿಗೂ ಎರಡು ಕೈ ಬೇಕು. ನಾನೇ ಹೋಗಿ ಗಾಯಾಳುವಿನ ಕಾಲುಗಳನ್ನು ಹಿಡಿದು ಎತ್ತಿದೆ. ಎತ್ತಿ, ಹಾಗೇ ನಿಂತೆ. ಭಾರ ಇತ್ತು, ದೊಡ್ಡ ಆಳು. ಅಮೆರಿಕದವನು ನನ್ನ ತುಂಬಿದ ಕೈಗಳನ್ನು ಒಂದು ಗಳಿಗೆ ನೋಡಿ, ಗನ್ನನ್ನು ಬೆನ್ನಿಗೆ ಹಾಕಿಕೊಂಡು ಗೆಳೆಯನ ಕಂಕುಳಿಗೆ ಕೈ ಕೊಟ್ಟ. ಮಾಟೆಸ್ ಪಿಸ್ತೂಲನ್ನು ತೊಡೆಯ ಮೇಲೆ ಇಳಿಸಿದ.

ಜಾರುದಾರಿಯ ಅರ್ಧಕ್ಕೆ ಬಂದಿದ್ದೆವು. ಅವನು ಮೇಲಿನಿಂದ ಎಳೆಯುತ್ತಿದ್ದ, ನಾನು ಕೆಳಗಿನಿಂದ ದೂಡುತ್ತಿದ್ದೆ. ಆಗ ಮೇಲಿನ ಬಾಗಿಲ ಬಳಿ ಬೂಟಿನ ಸದ್ದು, ಲೆಫ್ಟಿನೆಂಟನ ದನಿ.

"ನೆಲಮಾಳಿಗೆ ಇನ್ನೂ ಆಗಿಲ್ವಾ? ಏನ್ ಕಾಯ್ತಿದೀಯ? ಬಾಂಬು ಹಾಕು."

ನಾನು ಕೂಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಕೂಗಿದರೆ ಲೆಫ್ಟಿನೆಂಟನೇ ಇಳಿದು ಬರುತ್ತಿದ್ದ, ಗನ್ನಿನ ಸಮೇತ.

"ಸಾಹೇಬ್ರೆ," ಎಂದ ವೆಲ್ಲೆಮ್, ಟ್ರಾಮಿನಲ್ಲಿ ಟಿಕೆಟ್ ಇಲ್ಲದವನ ಜೊತೆ ಮಾತಾಡುವ ದನಿಯಲ್ಲಿ, "ಮೋಟು ನನ್ನ ಕೈಲಿದೆ."

ಭೂಗೋಳದ ಮೇಷ್ಟ್ರು ಆ ರೂಢಿಯನ್ನು ಮುರಿಯುತ್ತಾನೋ ಇಲ್ಲವೋ ಎಂದು ನಾನು ಅರೆಗತ್ತಲಲ್ಲಿ ಒಬ್ಬ ಶತ್ರುವಿನ ಕಾಲು ಹಿಡಿದುಕೊಂಡು ಕಾಯುತ್ತಿದ್ದೆ.

"ಹಾಗಾದ್ರೆ ನೀನೇ ಮುಗಿಸು," ಎಂದ ಲೆಫ್ಟಿನೆಂಟ್.

ಅವನ ಬೂಟಿನ ಸದ್ದು ಆಚೆ ಸರಿದ ಮರುಕ್ಷಣ ಮೋಟು ಗುಡುಗಿತು. ಒಂದು ಉದ್ದ ಸುತ್ತು. ಕಮಾನಿನಡಿ ಆ ಸದ್ದು ತಲೆಯೊಳಗೇ ಸಿಡಿದ ಹಾಗಾಯಿತು. ಅಮೆರಿಕದವನ ಮುಖ ನನಗೆ ಕಾಣುತ್ತಿತ್ತು. ಮೋಸ ಎಂದುಕೊಂಡ ಅವನು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅವನ ಬಲಗೈ ಗೆಳೆಯನನ್ನು ಬಿಟ್ಟು ಬೆನ್ನಿನ ಗನ್ನಿಗೆ ಹೋಯಿತು. ಗಾಯಾಳು ಪಕ್ಕಕ್ಕೆ ಜಾರಿ ಕಿರುಚಿದ. ಹಿಂದೆ ಮಾಟೆಸ್‌ನ ಪಿಸ್ತೂಲು ಮೇಲೆದ್ದಿರಬೇಕು, ನಾನು ತಿರುಗಿ ನೋಡಲಿಲ್ಲ. ನಾನು ಮಾಡಿದ್ದು ಒಂದೇ. ಆ ಕಾಲುಗಳನ್ನು ಬಿಡಲಿಲ್ಲ. ಇನ್ನಷ್ಟು ಎದೆಗೆ ಅವುಚಿಕೊಂಡು, ನನ್ನ ಭಾಷೆಯಲ್ಲೇ ಬೈದೆ.

"ಹಿಡ್ಕೊಳ್ಳೋ ಮಾರಾಯ, ನಿನ್ನವನು ಬೀಳ್ತಾನೆ."

ಅವನಿಗೆ ಮಾತು ತಿಳಿದಿರಲಿಕ್ಕಿಲ್ಲ. ಆದರೆ ನನ್ನ ಕೈಗಳು ಎಲ್ಲಿವೆ ಎನ್ನುವುದು ಕಾಣುತ್ತಿತ್ತು. ಅವನ ಕೈ ವಾಪಸ್ ಬಂದು ಗೆಳೆಯನ ಕಂಕುಳನ್ನು ಹಿಡಿಯಿತು. ಇಬ್ಬರೂ ಸೇರಿ ದೂಡಿದೆವು. ಗಾಯಾಳು ಅಂಗಳದ ಬೆಳಕಿಗೆ ಸರಿದ, ಹಿಂದೆಯೇ ಅವನೂ ಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ. ನಾನೇ ಅವನಾಗಿದ್ದರೂ ನೋಡುತ್ತಿರಲಿಲ್ಲ.

ಭಾವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದೆ. ಪ್ಲೋನಿ ಅಕ್ಕನ ಅಡುಗೆಯ ಭಾರವೆಲ್ಲ ಅಲ್ಲಿತ್ತು. ಮೇಲೆ ಬಂದರೆ ಬಾಗಿಲ ಪಕ್ಕದ ಮೂಟೆಗಳಲ್ಲಿ ಸಾಲಾಗಿ ತೂತುಗಳು, ಎಲ್ಲದರಿಂದಲೂ ಬಾರ್ಲಿ ಸುರಿಯುತ್ತಿದೆ. ಲೆಫ್ಟಿನೆಂಟನ ಕಿವಿಗೆ ಬೀಳಲೆಂದು ವೆಲ್ಲೆಮ್ ಹಾರಿಸಿದ್ದು ಅವಕ್ಕೆ. ಸದ್ದು ಕೇಳಿ ವಾಪಸ್ ಬಂದ ಲೆಫ್ಟಿನೆಂಟ್ ಆ ತೂತುಗಳನ್ನು ನೋಡಿದ, ನನ್ನನ್ನು ನೋಡಿದ, ಮಾಟೆಸ್‌ನನ್ನು ನೋಡಿದ, ಕೊನೆಗೆ ವೆಲ್ಲೆಮ್ ಕಡೆ ತಿರುಗಿದ.

"ನೆಲಮಾಳಿಗೆ?"

"ಖಾಲಿ, ಸಾಹೇಬ್ರೆ."

"ಮೂಟೆಗಳೇನು ಮಾಡಿದ್ವು?"

"ಎದುರು ಮಾತಾಡಿದ್ವು, ಸಾಹೇಬ್ರೆ."

ಲೆಫ್ಟಿನೆಂಟ್ ನಗಲಿಲ್ಲ. ಗಲ್ಲ ಉಜ್ಜಿಕೊಂಡು, ಗುಂಡು ಉಳಿಸಿ ಬಳಸು ಎಂದಷ್ಟೇ ಹೇಳಿ, ನನ್ನ ಕಡೆ ನೋಡಿ, "ಮೋಟು ನೀನು ತಗೋ," ಎಂದ.

"ಕೈ ಖಾಲಿ ಇಲ್ಲ ಸಾಹೇಬ್ರೆ. ಇವನನ್ನ ಡಾಕ್ಟರ ಹತ್ರ ಬಿಟ್ಟು ಬಂದು ತಗೋತೀನಿ."

"ಬೇಗ ಬಾ," ಎಂದ ವೆಲ್ಲೆಮ್. "ಇದು ನನಗೆ ಒಗ್ಗಲ್ಲ. ಮುಂದೆ ನಿಂತ್ರೆ ತಮಾಷೆ ಮಾಡೋಕೆ ಎದುರಿಗೆ ಯಾರೂ ಇರಲ್ಲ."

ಮಾಟೆಸ್ ನನ್ನ ಭುಜದ ಮೇಲಿನಿಂದ ಅವನಿಗೆ ಸಿಗರೇಟು ಪೊಟ್ಟಣ ಎಸೆದ. ಅದರಲ್ಲಿ ಅರ್ಧಕ್ಕೂ ಕಡಿಮೆ ಉಳಿದಿತ್ತು. ವೆಲ್ಲೆಮ್ ಪೊಟ್ಟಣ ಅಲ್ಲಾಡಿಸಿ ನೋಡಿ, ಅವನನ್ನು ಮತ್ತೆ ಕೆಳಗೆ ಹಾಕು ಎಂದು ನನಗೆ ಹೇಳಿದ.

ಡಾಕ್ಟರು ಚರ್ಚಿನ ಹಿಂದಿನ ಮನೆಯಲ್ಲಿದ್ದರು. ಕಾಲು ಉಳಿಯುತ್ತದೆ, ಮಡಚಲು ಮಾತ್ರ ಆಗುವುದಿಲ್ಲ ಎಂದರು. ಗಾಯಾಳುಗಳ ಲಾರಿಗೆ ಭಾವನನ್ನು ಹತ್ತಿಸಿ, ಅವನ ಬೈಗುಳ ಕೇಳಿಕೊಂಡು, ನಾನು ವಾಪಸ್ ಹೊರಟೆ. ಅರ್ಧ ದಾರಿಯಲ್ಲಿ ಅಮೆರಿಕದವರ ಫಿರಂಗಿಗಳು ಶುರುವಾದವು. ನಾನು ಬೀದಿಗೆ ಬರುವ ಹೊತ್ತಿಗೆ ಬಿಯರ್ ಕಾರ್ಖಾನೆ ಇರಲಿಲ್ಲ. ಮುಂದಿನ ಗೋಡೆ ಮಾತ್ರ ನಿಂತಿತ್ತು, ಅದರ ಕಿಟಕಿಗಳಲ್ಲಿ ಆಕಾಶ ಕಾಣುತ್ತಿತ್ತು. ನಮ್ಮವರು ಔಷಧದಂಗಡಿಯ ಗೋಡೆಗೆ ಒರಗಿ ಕೂತಿದ್ದರು. ನಾನು ಎಣಿಸಿದೆ. ವೆಲ್ಲೆಮ್ ಇರಲಿಲ್ಲ. ಲೆಫ್ಟಿನೆಂಟ್ ನನ್ನನ್ನು ನೋಡಿ ಎದ್ದು ನಿಂತ.

"ಎಲ್ಲರನ್ನೂ ಹೊರಗೆ ಕಳಿಸಿದ," ಎಂದ. "ನೀನೂ ಬಾ ಅಂತ ನಾನು ಕೂಗಿದೆ. ಮೋಟು ಹಿಡಿದವನು ಕೊನೇಲಿ ಬರ್ಬೇಕು ಅಲ್ವಾ ಸಾಹೇಬ್ರೆ, ಅಂದ."

ಯುದ್ಧ ಮುಗಿದ ಮರುವರ್ಷ ನಾನು ಕಲೋನಿಗೆ ಹೋದೆ. ಕೈಯಲ್ಲಿ ಎರಡು ದೊಡ್ಡ ರೊಟ್ಟಿ, ಒಂದು ಡಬ್ಬಿ ಬೀಟ್‌ರೂಟಿನ ಪಾಕ. ವೆಲ್ಲೆಮ್‌ನ ತಾಯಿ ಇನ್ನೂ ಆ ನೆಲಮಾಳಿಗೆಯಲ್ಲೇ ಇದ್ದಳು. ಚಿಕ್ಕ ಹೆಂಗಸು, ಮಗನದೇ ಮೂಗು, ಮಗನದೇ ಬಾಯಿ. ನನ್ನನ್ನು ಮಂಚದ ಮೇಲೆ ಕೂರಿಸಿ ತಾನು ಪೆಟ್ಟಿಗೆಯ ಮೇಲೆ ಕೂತಳು.

"ಒಂದೇ ಒಂದು ಕೇಳ್ಬೇಕಪ್ಪ ನಿನ್ನ," ಎಂದಳು. "ಅವನು ಯಾವಾಗ್ಲೂ ಬರೀತಿದ್ದ. ಅವ್ವಾ, ನಾನು ಎರಡನೆಯವನು, ಮುಂದೆ ಇರೋನು ಬೇರೆ, ಚಿಂತೆ ಮಾಡ್ಬೇಡ ಅಂತ. ಆವತ್ತು ಮಾತ್ರ ಅವನು ಯಾಕೆ ಮುಂದಿದ್ದ?"

ಬರುವ ದಾರಿಯಲ್ಲಿ ರೈಲಿನಲ್ಲಿ ನಾನು ಬೇರೆ ಬೇರೆ ಉತ್ತರ ಯೋಚಿಸಿಕೊಂಡು ಬಂದಿದ್ದೆ. ಆ ಮುಖದ ಮುಂದೆ ಅವೊಂದೂ ಬಾಯಿಗೆ ಬರಲಿಲ್ಲ.

"ಮುಂದೆ ಇರೋನು ನಾನು," ಎಂದೆ. "ನೆಲಮಾಳಿಗೇಲಿ ನಮ್ಮ ಭಾವ ಸಿಕ್ಕಾಕ್ಕೊಂಡಿದ್ದ. ಅವನನ್ನ ಹೊತ್ಕೊಂಡು ಬರೋಕೆ ನನ್ನ ಕೈ ಖಾಲಿ ಮಾಡ್ಕೋಬೇಕಿತ್ತು. ಗನ್ನನ್ನ ನಿಮ್ಮ ಮಗನಿಗೆ ಕೊಟ್ಟೆ. ಅವನು ತಗೊಂಡ."

ಅವಳು ರೊಟ್ಟಿಯ ಮೇಲಿನ ಹಿಟ್ಟನ್ನು ಬೆರಳಿನಿಂದ ಒರೆಸಿದಳು.

"ನಿಮ್ಮ ಭಾವ ಬದುಕಿದಾನಾ?"

"ಬದುಕಿದಾನೆ. ಕಾಲು ಮಡಚೋಕಾಗಲ್ಲ. ಕಲ್ಲು ಕಡೀತಾನೆ, ಎಲ್ಲರನ್ನೂ ಬೈತಾನೆ."

"ಒಂದು ಸಲ ಕರ್ಕೊಂಡು ಬಾ," ಎಂದಳು. "ನಾನು ಅವನನ್ನ ನೋಡ್ಬೇಕು."

ಮುಂದಿನ ಭಾನುವಾರವೇ ಕರೆದುಕೊಂಡು ಹೋದೆ. ಮಾಟೆಸ್ ಆ ಕಾಲನ್ನು ನೆಟ್ಟಗೆ ಚಾಚಿಕೊಂಡು ಮಂಚದ ಮೇಲೆ ಕೂತ. ಅವನಿಗೆ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಅವನ ಮುಂದೆ ಬೇಯಿಸಿದ ಆಲೂಗಡ್ಡೆಯ ತಟ್ಟೆ ಇಟ್ಟು, ಎದುರಿಗೆ ಕೂತು, ಅವನು ಪೂರ್ತಿ ತಿಂದು ಮುಗಿಸುವವರೆಗೂ ನೋಡುತ್ತಿದ್ದಳು.